ತಂಡ ತಲುಪದ ವಿಶ್ವಕಪ್‌ಗೆ ರೆಫರಿ ತಲುಪುವ ದಾರಿ

ಸಭಿಕರಿಗೆ ನಮಸ್ಕಾರ.

2010ರ ಜೂನ್ 11ರಂದು ಜೊಹಾನೆಸ್‌ಬರ್ಗ್‌ನ ಸಾಕರ್ ಸಿಟಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕ ಮತ್ತು ಮೆಕ್ಸಿಕೊ ತಂಡಗಳ ನಡುವೆ ಫುಟ್‌ಬಾಲ್ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ನಡೆಯಿತು. ಮೊದಲಾರ್ಧ ಮುಗಿಯುವ ಮುನ್ನ ಮೆಕ್ಸಿಕೊದ ಕಾರ್ಲೋಸ್ ವೆಲಾ, ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನು ಗೋಲಿನೊಳಕ್ಕೆ ತಳ್ಳಿದರು. ಆಗಲೇ ಸಹಾಯಕ ರೆಫರಿಯ ಬಾವುಟ ಮೇಲೆದ್ದಿತ್ತು, ಗೋಲು ರದ್ದಾಯಿತು. ಗೋಲುಗೆರೆಯ ಹತ್ತಿರ ದಕ್ಷಿಣ ಆಫ್ರಿಕದ ರಕ್ಷಣಾ ಆಟಗಾರನೊಬ್ಬ ನಿಂತಿದ್ದುದು ಟಿವಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ, ನೋಡುತ್ತಿದ್ದ ಎಷ್ಟೋ ಮಂದಿ ಇದನ್ನು ತಪ್ಪು ತೀರ್ಪೆಂದೇ ಭಾವಿಸಿದರು.

ಆದರೆ ತೀರ್ಪು ಸರಿಯಾಗಿತ್ತು. ದಾಳಿ ಮಾಡುವ ಆಟಗಾರನು ಚೆಂಡಿಗಿಂತಲೂ, ಎದುರಾಳಿ ತಂಡದ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ ಎನ್ನುತ್ತದೆ ಫುಟ್‌ಬಾಲ್ ನಿಯಮಪುಸ್ತಕದ ಹನ್ನೊಂದನೆಯ ನಿಯಮ. ಸಾಮಾನ್ಯವಾಗಿ ಕೊನೆಯವನು ಗೋಲ್‌ಕೀಪರ್ ಆಗಿರುವುದರಿಂದ ನಾವೆಲ್ಲ ಅವನನ್ನು ಲೆಕ್ಕಕ್ಕೆ ಬಿಟ್ಟು, ಉಳಿದವರಲ್ಲಿ ಕೊನೆಯವನು ಯಾರೆಂದು ಮಾತ್ರ ನೋಡಿ ಅಭ್ಯಾಸ ಮಾಡಿಕೊಂಡಿದ್ದೇವೆ. ಅಂದು ಗೋಲ್‌ಕೀಪರ್ ಖುನೆ ಚೆಂಡನ್ನು ಹಿಡಿಯಲು ಮುಂದೆ ಧಾವಿಸಿದ್ದರಿಂದ ವೆಲಾ ಅವರ ಮುಂದೆ ಉಳಿದದ್ದು ಒಬ್ಬನೇ ಎದುರಾಳಿ. ಹತ್ತಾರು ಕಾಲುಗಳ ಗದ್ದಲದ ನಡುವೆ, ಎಂಬತ್ತು ಸಾವಿರಕ್ಕೂ ಹೆಚ್ಚು ಜನರ ಕೂಗಿನ ನಡುವೆ, ಒಂದು ಕ್ಷಣದಲ್ಲಿ ಆ ಎಣಿಕೆ ಮಾಡಿದ ಸಹಾಯಕ ರೆಫರಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆ ಪಂದ್ಯದ ರೆಫರಿ ಉಜ್ಬೇಕಿಸ್ತಾನದ ರವ್‌ಶನ್ ಇರ್ಮಾತೊವ್. ಆಗ ಅವರಿಗೆ 32 ವರ್ಷ. ಸಹಾಯಕರಲ್ಲಿ ಒಬ್ಬರು ಉಜ್ಬೇಕಿಸ್ತಾನದವರು, ಇನ್ನೊಬ್ಬರು ನೆರೆಯ ಕಿರ್ಗಿಸ್ತಾನದವರು. ಈ ಎರಡು ದೇಶಗಳ ತಂಡಗಳಲ್ಲಿ ಯಾವುದೂ ಅಲ್ಲಿಯವರೆಗೆ ವಿಶ್ವಕಪ್‌ನ ಬಾಗಿಲನ್ನೂ ಕಂಡಿರಲಿಲ್ಲ. ಉಜ್ಬೇಕಿಸ್ತಾನದ ತಂಡ ಮೊದಲ ಬಾರಿಗೆ ಅರ್ಹತೆ ಗಳಿಸಿದ್ದು 2025ರಲ್ಲಿ. ಅಷ್ಟರೊಳಗೆ ಇರ್ಮಾತೊವ್ ಮೂರು ವಿಶ್ವಕಪ್‌ಗಳಲ್ಲಿ ಒಟ್ಟು 11 ಪಂದ್ಯಗಳನ್ನು ನಡೆಸಿ, ಪುರುಷರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಪಂದ್ಯಗಳನ್ನು ನಿರ್ವಹಿಸಿದ ದಾಖಲೆ ಬರೆದು ನಿವೃತ್ತರಾಗಿದ್ದರು.

ನಮ್ಮ ದೇಶಕ್ಕೂ ಇಂಥ ಒಂದು ನೆನಪಿದೆ. 2002ರಲ್ಲಿ ಕೊರಿಯ ಮತ್ತು ಜಪಾನ್‌ನಲ್ಲಿ ನಡೆದ ವಿಶ್ವಕಪ್‌ಗೆ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಸಹಾಯಕ ರೆಫರಿಯಾಗಿ ಹೋಗಿದ್ದರು. ಅದರ ನಂತರ 2022ರ ಕತಾರ್ ವಿಶ್ವಕಪ್‌ವರೆಗೆ ಪುರುಷರ ವಿಶ್ವಕಪ್‌ನ ಮೈದಾನಕ್ಕೆ ಭಾರತದ ರೆಫರಿ ಯಾರೂ ಇಳಿದಿಲ್ಲ. ತಂಡ ಹೋಗಲಾಗದ ಕಡೆಗೂ ರೆಫರಿ ಹೋಗಬಹುದು ಎಂಬುದು ಎರಡೂ ಉದಾಹರಣೆಗಳಿಂದ ಗೊತ್ತಾಗುತ್ತದೆ. ಹಾಗಿದ್ದರೆ ಒಂದು ದೇಶದವರು ಮೂರು ವಿಶ್ವಕಪ್‌ಗೆ ಹೋದರು, ಇನ್ನೊಂದು ದೇಶದವರು ಒಮ್ಮೆ ಹೋಗಿ ನಿಂತರು, ಇದೇಕೆ? ಇದನ್ನು ವ್ಯಕ್ತಿಯ ಪ್ರತಿಭೆಯಿಂದಷ್ಟೇ ವಿವರಿಸಲಾಗದು ಎಂಬುದು ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ರೆಫರಿಯೊಬ್ಬ ರೂಪುಗೊಳ್ಳುವುದು ತನ್ನ ದೇಶದ ಲೀಗ್ ಅವನಿಗೆ ಕೊಡುವ ಪಂದ್ಯಗಳಿಂದ. ಈ ಮಾತನ್ನು ತರಬೇತಿಯ ವಿವರಗಳ ಮೂಲಕವೇ ಪರೀಕ್ಷಿಸೋಣ.

ಎದೆಯ ಮೇಲೆ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಬ್ಯಾಡ್ಜ್ ಧರಿಸಿದ ರೆಫರಿಯನ್ನು ನೀವು ಟಿವಿಯಲ್ಲಿ ಕಂಡಿರುತ್ತೀರಿ. ಆ ಬ್ಯಾಡ್ಜ್‌ನಲ್ಲಿ ಆಯಾ ವರ್ಷದ ಅಂಕೆ ಇರುತ್ತದೆ, ಏಕೆಂದರೆ ಅದರ ಆಯುಷ್ಯ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಮಾತ್ರ. ಪ್ರತಿ ವರ್ಷವೂ ಆಯಾ ದೇಶದ ಫುಟ್‌ಬಾಲ್ ಸಂಸ್ಥೆ ತನ್ನ ರೆಫರಿಗಳ ಹೆಸರನ್ನು ಹೊಸದಾಗಿ ಫಿಫಾಕ್ಕೆ ಕಳಿಸಬೇಕು, ಫಿಫಾ ಒಪ್ಪಿ ಪಟ್ಟಿಯನ್ನು ಪ್ರಕಟಿಸಬೇಕು. ರೆಫರಿಗೆ ಕನಿಷ್ಠ 25, ಸಹಾಯಕ ರೆಫರಿಗೆ 23 ವರ್ಷ ತುಂಬಿರಬೇಕು. ಹಿಂದೆ 45ಕ್ಕೆ ನಿವೃತ್ತಿ ಕಡ್ಡಾಯವಾಗಿತ್ತು, ಈಗ ಆ ಮಿತಿಯನ್ನು ತೆಗೆದಿದ್ದಾರೆ. ಇವೆಲ್ಲಕ್ಕಿಂತ ಮುಖ್ಯವಾದ ಷರತ್ತೊಂದಿದೆ: ಹೆಸರು ಸೂಚಿಸುವ ಮುನ್ನ ಆ ವ್ಯಕ್ತಿ ತನ್ನ ದೇಶದ ಅತ್ಯುನ್ನತ ದರ್ಜೆಯ ಲೀಗ್‌ನಲ್ಲಿ ಕನಿಷ್ಠ ಎರಡು ವರ್ಷ ನಿಯತವಾಗಿ ಪಂದ್ಯಗಳನ್ನು ನಡೆಸಿರಬೇಕು. ಫಿಫಾ ರೆಫರಿಗಳನ್ನು ತಯಾರಿಸುವುದಿಲ್ಲ. ದೇಶಗಳು ತಯಾರಿಸಿ ಕೊಟ್ಟವರನ್ನು ಪರೀಕ್ಷಿಸಿ, ಆರಿಸಿ, ಹದಗೊಳಿಸುತ್ತದೆ ಅಷ್ಟೆ.

ಆ ಪರೀಕ್ಷೆಗಳಲ್ಲಿ ಮೊದಲನೆಯದು ಓಟ. ಮೈದಾನದ ರೆಫರಿಗೆ ಎರಡು ಹಂತಗಳಿವೆ. ಮೊದಲು 40 ಮೀಟರಿನ ಆರು ವೇಗದ ಓಟ. ಪುರುಷರ ಅಂತರರಾಷ್ಟ್ರೀಯ ಮಾನದಂಡದಂತೆ ಪ್ರತಿ ಓಟವೂ ಆರು ಸೆಕೆಂಡಿನೊಳಗೆ ಮುಗಿಯಬೇಕು, ನಡುವೆ ಒಂದು ನಿಮಿಷದ ಬಿಡುವು. ಆರರಲ್ಲಿ ಒಂದು ತಪ್ಪಿದರೆ ಏಳನೆಯ ಅವಕಾಶವಿದೆ, ಎರಡು ತಪ್ಪಿದರೆ ಅನುತ್ತೀರ್ಣ. ಇದಾದ ಮೇಲೆ ನಿಜವಾದ ಸತ್ವಪರೀಕ್ಷೆ. ಟ್ರ್ಯಾಕಿನ ಮೇಲೆ 75 ಮೀಟರನ್ನು 15 ಸೆಕೆಂಡಿನಲ್ಲಿ ಓಡಬೇಕು, ಮುಂದಿನ 25 ಮೀಟರನ್ನು 18 ಸೆಕೆಂಡಿನಲ್ಲಿ ನಡೆಯಬೇಕು. ಹೀಗೆ ನಲವತ್ತು ಬಾರಿ, ಅಂದರೆ ಟ್ರ್ಯಾಕಿಗೆ ಹತ್ತು ಸುತ್ತು, ನಾಲ್ಕು ಕಿಲೋಮೀಟರು.

ಕಾಗದದ ಮೇಲೆ ಇದು ಅಷ್ಟೇನೂ ಕಠಿಣವಾಗಿ ತೋರುವುದಿಲ್ಲ. ಹದಿನೈದು ಸೆಕೆಂಡಿನಲ್ಲಿ 75 ಮೀಟರು ಓಡುವುದು ಆರೋಗ್ಯವಂತ ಯುವಕನಿಗೆ ದೊಡ್ಡ ಮಾತಲ್ಲ. ಆದರೆ ಧ್ವನಿಮುದ್ರಿತ ಸಂಕೇತ ಯಾರಿಗೂ ಕಾಯುವುದಿಲ್ಲ. ಸಂಕೇತ ಮೊಳಗುವ ಹೊತ್ತಿಗೆ ಕೋನ್‌ಗಳಿಂದ ಗುರುತು ಮಾಡಿದ ನಡಿಗೆಯ ಜಾಗದಲ್ಲಿ ಒಂದು ಪಾದವಾದರೂ ಇರಬೇಕು. ಮೊದಲ ಸಲ ತಡವಾದರೆ ಎಚ್ಚರಿಕೆ, ಎರಡನೆಯ ಸಲ ಹೊರಕ್ಕೆ. ಐದು ಸುತ್ತಿನವರೆಗೆ ಪಕ್ಕದವರೊಡನೆ ಮಾತಾಡಿಕೊಂಡು ಬಂದವರು ಏಳನೆಯ ಸುತ್ತಿಗೆ ಮೌನವಾಗುತ್ತಾರೆ. ಎಂಟನೆಯ ಸುತ್ತಿನಲ್ಲಿ ನಡಿಗೆಯ 18 ಸೆಕೆಂಡು ಇದ್ದಕ್ಕಿದ್ದಂತೆ ಗಿಡ್ಡವಾದಂತೆ ಅನ್ನಿಸುತ್ತದೆ, ಉಸಿರು ತಹಬಂದಿಗೆ ಬರುವ ಮೊದಲೇ ಮುಂದಿನ ಸಂಕೇತ ಕಿವಿಗೆ ಬಡಿಯುತ್ತದೆ. ಪಂದ್ಯದಲ್ಲೂ ಆಗುವುದು ಇದೇ: ಪ್ರತಿದಾಳಿಯ ಹಿಂದೆ ಒಂದು ಓಟ, ಥ್ರೋ-ಇನ್‌ನ ಸಣ್ಣ ಬಿಡುವು, ಮತ್ತೆ ಓಟ. ಉನ್ನತ ಮಟ್ಟದ ಪಂದ್ಯವೊಂದರಲ್ಲಿ ರೆಫರಿ ಸುಮಾರು 10ರಿಂದ 12 ಕಿಲೋಮೀಟರು ಕ್ರಮಿಸುತ್ತಾನೆ. ಆಟಗಾರನಿಗಾದರೆ ಬದಲಿ ಆಟಗಾರನಿದ್ದಾನೆ, ರೆಫರಿಗೆ ಆ ಸೌಲಭ್ಯ ಸಿಗುವುದು ಗಾಯಗೊಂಡಾಗ ಮಾತ್ರ.

ಸಹಾಯಕ ರೆಫರಿಯ ಪರೀಕ್ಷೆ ಬೇರೆ. ಅವರ ಕೆಲಸದಲ್ಲಿ ಅಡ್ಡ ಹೆಜ್ಜೆ ಹೆಚ್ಚು, ಏಕೆಂದರೆ ಮುಖ ಸದಾ ಮೈದಾನದ ಕಡೆಗಿರಬೇಕು. ಆದ್ದರಿಂದ ಹತ್ತು ಮೀಟರು ಮುಂದಕ್ಕೆ ಓಟ, ಎಂಟು ಮೀಟರು ಒಂದು ಪಕ್ಕಕ್ಕೆ, ಎಂಟು ಮೀಟರು ಇನ್ನೊಂದು ಪಕ್ಕಕ್ಕೆ, ಮತ್ತೆ ಹತ್ತು ಮೀಟರು ಓಟ, ಇಷ್ಟನ್ನೂ ಹತ್ತು ಸೆಕೆಂಡಿನೊಳಗೆ ಮುಗಿಸಬೇಕು. ಮಹಿಳಾ ರೆಫರಿಗಳಿಗೆ ಸಮಯದ ಮಿತಿ ಕೊಂಚ ಸಡಿಲ: 40 ಮೀಟರಿಗೆ 6.4 ಸೆಕೆಂಡು, 75 ಮೀಟರಿಗೆ 17. ಆದರೆ ಪುರುಷರ ಪಂದ್ಯಕ್ಕೆ ನೇಮಕಗೊಳ್ಳಬೇಕಾದರೆ ಪುರುಷರ ಮಾನದಂಡದಲ್ಲಿಯೇ ತೇರ್ಗಡೆಯಾಗಬೇಕು. 2022ರ ಡಿಸೆಂಬರ್ 1ರಂದು ಕೋಸ್ಟಾರಿಕ ಮತ್ತು ಜರ್ಮನಿ ಪಂದ್ಯವನ್ನು ನಡೆಸಿ ಪುರುಷರ ವಿಶ್ವಕಪ್‌ನ ಮೊದಲ ಮಹಿಳಾ ರೆಫರಿಯಾದ ಫ್ರಾನ್ಸ್‌ನ ಸ್ಟೆಫನಿ ಫ್ರಪಾರ್, ಜೊತೆಗಿದ್ದ ಬ್ರೆಜಿಲ್‌ನ ನೆವ್‌ಜಾ ಬಾಕ್ ಮತ್ತು ಮೆಕ್ಸಿಕೊದ ಕರೆನ್ ಡಿಯಾಸ್ ಅಲ್ಲಿಗೆ ಬಂದದ್ದು ಈ ಕಟ್ಟುನಿಟ್ಟಿನ ದಾರಿಯಲ್ಲೇ. ಅವರಿಗೆ ಯಾರೋ ರಿಯಾಯಿತಿ ತೋರಿದರೆಂಬ ಮಾತು ಆಗ ಕೇಳಿಬಂದಿತ್ತು, ಅದಕ್ಕೆ ಆಧಾರವಿಲ್ಲ.

ಓಟ ಬಂದರೆ ಸಾಲದು, ನೋಟ ಬರಬೇಕು. 2000ದ ಯೂರೋ, ಅಂದರೆ ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿಯ ಪಂದ್ಯಗಳನ್ನು ಅಧ್ಯಯನ ಮಾಡಿದ ಬೆಲ್ಜಿಯಂನ ಸಂಶೋಧಕರು, ರೆಫರಿಯೊಬ್ಬ ಒಂದು ಪಂದ್ಯದಲ್ಲಿ ಸರಾಸರಿ 137 ಕಣ್ಣಿಗೆ ಕಾಣುವ ತೀರ್ಮಾನಗಳನ್ನು ತೆಗೆದುಕೊಳ್ಳುತ್ತಾನೆಂದೂ, ಆ ಹೊತ್ತಿನಲ್ಲಿ ಅವನ ಹೃದಯಬಡಿತ ಗರಿಷ್ಠ ಪ್ರಮಾಣದ ಶೇ. 85ರ ಆಸುಪಾಸಿನಲ್ಲಿರುತ್ತದೆಂದೂ ಕಂಡುಕೊಂಡರು. ಆಟ ನಿಲ್ಲಿಸದೆ ಬಿಟ್ಟ, ಯಾರ ಗಮನಕ್ಕೂ ಬಾರದ ತೀರ್ಮಾನಗಳು ಈ ಲೆಕ್ಕದ ಹೊರಗಿವೆ. ಏದುಸಿರಿನಲ್ಲಿ ಲೆಕ್ಕ ಬಿಡಿಸುವಂತಹ ಕೆಲಸ ಇದು.

ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಆಫ್‌ಸೈಡ್ ತಪ್ಪುಗಳ ಬಗ್ಗೆ ಬರೆದರು. ಲೈನ್ಸ್‌ಮನ್‌ಗಳ, ಅಂದರೆ ಸಹಾಯಕ ರೆಫರಿಗಳ, ತಪ್ಪಿಗೆ ಅಜಾಗರೂಕತೆಯೇ ಕಾರಣವೆಂಬುದು ಅಲ್ಲಿಯವರೆಗಿನ ಸಾಮಾನ್ಯ ನಂಬಿಕೆಯಾಗಿತ್ತು. ಈ ಸಂಶೋಧಕರು ತೋರಿಸಿದ್ದು ಬೇರೆಯದನ್ನೇ: ಸಹಾಯಕ ರೆಫರಿ ರಕ್ಷಣಾ ಆಟಗಾರನ ನೇರಕ್ಕೆ ನಿಲ್ಲದೆ ಗೋಲುಗೆರೆಯ ಕಡೆಗೆ ಕೊಂಚ ಸರಿದು ನಿಂತಿದ್ದರೂ ಸಾಕು, ನೋಟದ ಕೋನ ಬದಲಾಗಿ, ದೂರದ ಬದಿಯಲ್ಲಿರುವ ಆಟಗಾರ ಇಲ್ಲದ ಕಡೆ ಇದ್ದಂತೆ ಕಾಣುತ್ತಾನೆ. ಎಂದರೆ ಎಷ್ಟೇ ಪ್ರಾಮಾಣಿಕನಾಗಿ, ಎಷ್ಟೇ ಏಕಾಗ್ರತೆಯಿಂದ ನೋಡಿದರೂ ನಿಂತ ಜಾಗ ತಪ್ಪಾದರೆ ತೀರ್ಪು ತಪ್ಪುತ್ತದೆ. ಹಾಗಾಗಿ ಸಹಾಯಕ ರೆಫರಿಗಳ ತರಬೇತಿಯಲ್ಲಿ ಬಹುಪಾಲು ಸಮಯ ಕೊನೆಯಿಂದ ಎರಡನೆಯ ಆಟಗಾರನ ನೇರವನ್ನು ಕಾಯ್ದುಕೊಳ್ಳುವುದಕ್ಕೇ ಮೀಸಲು. ಹಿಂದೆ ಹೇಳಿದ ಅಡ್ಡ ಹೆಜ್ಜೆಯ ಪರೀಕ್ಷೆ ಇದ್ದುದೂ ಇದಕ್ಕೇ. ಮೈದಾನದ ರೆಫರಿ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡಿ, ಆಟವನ್ನು ತನ್ನ ಮತ್ತು ಸಹಾಯಕನ ನಡುವೆ ಇಟ್ಟುಕೊಳ್ಳುವ ಪದ್ಧತಿಯನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್. ಸ್ವತಃ ರೆಫರಿಯಾಗಿದ್ದ ಅವರೇ ಮುಂದೆ ಫಿಫಾ ಅಧ್ಯಕ್ಷರಾದರು.

ಇನ್ನು ರೆಫರಿಗಳ ತರಬೇತಿ ಶಿಬಿರದ ತರಗತಿ ಕೋಣೆಯೊಳಗೆ ಹೋಗೋಣ. ಅಲ್ಲಿ ಕೆಲವೇ ಸೆಕೆಂಡಿನ ವಿಡಿಯೊ ತುಣುಕೊಂದನ್ನು ತೋರಿಸುತ್ತಾರೆ, ಕೂಡಲೇ ಪ್ರತಿಯೊಬ್ಬರೂ ಮೂರು ಉತ್ತರ ಬರೆಯಬೇಕು: ಫೌಲ್ ಹೌದೋ ಅಲ್ಲವೋ, ಕಾರ್ಡ್ ಯಾವುದು, ಆಟ ಮತ್ತೆ ಹೇಗೆ ಶುರು. ಹನ್ನೆರಡನೆಯ ನಿಯಮ ಟ್ಯಾಕಲ್‌ನಲ್ಲಿ ಮೂರು ಮಟ್ಟಗಳನ್ನು ಗುರುತಿಸುತ್ತದೆ. ಅಜಾಗರೂಕತೆಗೆ ಫ್ರೀಕಿಕ್ ಮಾತ್ರ, ಎದುರಾಳಿಗೆ ಆಗಬಹುದಾದ ಅಪಾಯವನ್ನು ಲೆಕ್ಕಿಸದೆ ಮುನ್ನುಗ್ಗಿದರೆ ಹಳದಿ ಕಾರ್ಡ್, ಬಲಪ್ರಯೋಗ ಮಿತಿಮೀರಿ ಎದುರಾಳಿಯ ಸುರಕ್ಷತೆಗೆ ಧಕ್ಕೆಯಾಗುವಂತಿದ್ದರೆ ಕೆಂಪು. ಪುಸ್ತಕದಲ್ಲಿ ಇದು ಸುಲಭ. ತುಣುಕಿನಲ್ಲಿ ಬೂಟಿನ ತಳ ಮೀನಖಂಡಕ್ಕೆ ತಾಗಿತೇ ಪಾದಕ್ಕೇ, ಮಂಡಿ ನೆಟ್ಟಗಿತ್ತೇ ಮಡಿಸಿತ್ತೇ, ಓಡಿ ಬಂದ ದೂರ ಎಷ್ಟು ಎಂದು ಒಂದೊಂದಾಗಿ ಬಿಡಿಸಿ ನೋಡುವಾಗ ಇಪ್ಪತ್ತು ಮಂದಿಯಲ್ಲಿ ಹನ್ನೆರಡು ಮಂದಿ ಹಳದಿ, ಎಂಟು ಮಂದಿ ಕೆಂಪು ಎಂದು ಬರೆದಿರುವುದು ಅಪರೂಪವಲ್ಲ. ಆ ಅಂತರವನ್ನು ತಗ್ಗಿಸುವುದೇ ತರಬೇತಿಯ ಉದ್ದೇಶ. ಬ್ರೆಜಿಲ್‌ನ ರೆಫರಿಗೂ ಜಪಾನಿನ ರೆಫರಿಗೂ ಒಂದೇ ಟ್ಯಾಕಲ್ ಒಂದೇ ಬಣ್ಣದಲ್ಲಿ ಕಾಣದಿದ್ದರೆ ವಿಶ್ವಕಪ್‌ನಂಥ ಟೂರ್ನಿಯನ್ನು ನಡೆಸಲಾಗದು.

ನಿಯಮ ಗೊತ್ತಿರುವುದು ಒಂದು, ಅದನ್ನು ಮೈದಾನದಲ್ಲಿ ಎಲ್ಲರಿಗೂ ಕಾಣುವಂತೆ ನಡೆಸುವುದು ಇನ್ನೊಂದು. ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿತ್ತು. 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಆಟಗಾರರು ಚೆಂಡನ್ನು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದೊಯ್ದರು, ತಂಡ ಮರಳಲಿಲ್ಲ, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಸೀಟಿ ಊದದೆ ಫ್ರೀಕಿಕ್ ಹೇಗೆ ಹೊಡೆದರು ಎಂದು ಅಂದು ಸಾವಿರಾರು ಜನ ಕೇಳಿದರು. ಬಹುಪಾಲು ಫ್ರೀಕಿಕ್‌ಗಳನ್ನು ಮತ್ತೆ ಶುರುಮಾಡಲು ಸೀಟಿ ಬೇಕಿಲ್ಲ ಎಂದು ನಿಯಮಪುಸ್ತಕವೇ ಹೇಳುತ್ತದೆ. 9.15 ಮೀಟರು ದೂರ ಸರಿಯುವುದು ಎದುರಾಳಿಯ ಹೊಣೆ. ಫೌಲ್‌ಗೆ ಒಳಗಾದ ತಂಡ ಬೇಗ ಆಡಲು ಬಯಸಿದರೆ ಅದು ಅವರ ಹಕ್ಕು. ಆದರೆ ರೆಫರಿ ಕಾರ್ಡ್ ತೋರಿಸುತ್ತಿದ್ದರೆ, ಗೋಡೆಯನ್ನು ತಾನೇ ಹಿಂದಕ್ಕೆ ಸರಿಸುತ್ತಿದ್ದರೆ, ಆಗ ಸೀಟಿಗಾಗಿ ಕಾಯಬೇಕು, ಕಾಯಬೇಕೆಂಬುದು ಎಲ್ಲರಿಗೂ ಗೊತ್ತಾಗುವಂತೆ ರೆಫರಿ ಸೀಟಿಯನ್ನು ಕೈಯಲ್ಲೆತ್ತಿ ತೋರಿಸಬೇಕು. ಇದು ಹರೆಯದ ರೆಫರಿಗಳಿಗೆ ಮೊದಲ ವರ್ಷವೇ ಕಲಿಸುವ ಸಂಜ್ಞೆ. ಆ ಗೋಲಿನ ಬಗ್ಗೆ ವಾದ ಮಾಡುವವರೆಲ್ಲ ನಿಜವಾಗಿ ವಾದಿಸುತ್ತಿರುವುದು ಆ ಕೆಲವು ಸೆಕೆಂಡುಗಳಲ್ಲಿ ರೆಫರಿಯ ಮೈಭಾಷೆ ಯಾವ ಕಡೆಗಿತ್ತು ಎಂಬುದರ ಬಗ್ಗೆ. ಆಟಗಾರರಾದಿಯಾಗಿ ನಮ್ಮಲ್ಲಿ ನಿಯಮಪುಸ್ತಕ ಓದಿದವರು ಕಡಿಮೆ, ಇದು ಆ ರಾತ್ರಿ ಚೆನ್ನಾಗಿ ಬಯಲಾಯಿತು.

ಈಗ ನೇಮಕದ ವಿಷಯ. ಅಂತರರಾಷ್ಟ್ರೀಯ ಪಂದ್ಯಕ್ಕೆ ರೆಫರಿಯನ್ನು ಕಳಿಸುವಾಗ ಮೊದಲು ನೋಡುವುದು ತಟಸ್ಥತೆ. ಆಡುವ ಎರಡು ದೇಶಗಳಿಗೂ ಸೇರದವರಿರಬೇಕು ಎಂಬುದು ಸರಳ ಸೂತ್ರ. ಅದು ಸಾಲದೆಂದು 1966ರ ವಿಶ್ವಕಪ್ ಕಲಿಸಿತು. ಆ ಜುಲೈ 23ರಂದು ಒಂದೇ ದಿನ ನಡೆದ ಕ್ವಾರ್ಟರ್‌ಫೈನಲ್‌ಗಳಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನ ಪಂದ್ಯಕ್ಕೆ ಪಶ್ಚಿಮ ಜರ್ಮನಿಯ ರುಡಾಲ್ಫ್ ಕ್ರೈಟ್ಲೈನ್, ಪಶ್ಚಿಮ ಜರ್ಮನಿ ಮತ್ತು ಉರುಗ್ವೆ ಪಂದ್ಯಕ್ಕೆ ಇಂಗ್ಲೆಂಡಿನ ಜಿಮ್ ಫಿನ್ನಿ ರೆಫರಿಗಳು. ಅರ್ಜೆಂಟೀನದ ನಾಯಕ ರತ್ತಿನ್ ಹೊರಹಾಕಲ್ಪಟ್ಟರು, ಉರುಗ್ವೆಯ ಇಬ್ಬರು ಹೊರಬಿದ್ದರು, ಎರಡೂ ದಕ್ಷಿಣ ಅಮೆರಿಕದ ತಂಡಗಳು ಸೋತವು. ತೀರ್ಪುಗಳು ಒಂದೊಂದಾಗಿ ಸರಿಯೇ ಇದ್ದಿರಬಹುದು. ಆದರೆ ಇಂಥ ಅದಲುಬದಲು ನೇಮಕವನ್ನು ಕಂಡ ಮೇಲೆ ದಕ್ಷಿಣ ಅಮೆರಿಕದಲ್ಲಿ ಯಾರೂ ಅದನ್ನು ನಂಬಲು ತಯಾರಿರಲಿಲ್ಲ. ಅನುಮಾನಕ್ಕೆ ಎಡೆಗೊಡದಿರುವುದೂ ನೇಮಕದ ಗುಣಗಳಲ್ಲೊಂದು.

ರತ್ತಿನ್‌ಗೆ ಜರ್ಮನ್ ಬಾರದು, ಕ್ರೈಟ್ಲೈನ್‌ಗೆ ಸ್ಪ್ಯಾನಿಷ್ ಬಾರದು. ಹೊರಹೋಗು ಎಂಬುದನ್ನು ಅರ್ಥಮಾಡಿಸಲು ನಿಮಿಷಗಟ್ಟಲೆ ಹಿಡಿಯಿತು. ಆಗ ರೆಫರಿಗಳ ಉಸ್ತುವಾರಿ ವಹಿಸಿದ್ದ ಕೆನ್ ಆಸ್ಟನ್, ಲಂಡನ್ನಿನ ರಸ್ತೆಯಲ್ಲಿ ಟ್ರಾಫಿಕ್ ದೀಪದೆದುರು ಕಾರು ನಿಲ್ಲಿಸಿದ್ದಾಗ ಹಳದಿ ಮತ್ತು ಕೆಂಪು ಕಾರ್ಡುಗಳ ಯೋಚನೆ ಹೊಳೆಯಿತೆಂದು ಮುಂದೆ ಹೇಳಿದರು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಬಂದವು. ಇಂದು ರೆಫರಿಗಳ ತಂಡಕ್ಕೆ ಇಂಗ್ಲಿಷ್ ಸಾಮಾನ್ಯ ಭಾಷೆ, ಆದರೂ ಸಾಧ್ಯವಾದಷ್ಟು ಒಂದೇ ದೇಶದ ಅಥವಾ ಒಂದೇ ಭಾಷೆಯ ಮೂವರನ್ನು ಜೊತೆಯಾಗಿ ಕಳಿಸುತ್ತಾರೆ. ಹೆಡ್‌ಸೆಟ್‌ನಲ್ಲಿ ಅರ್ಧ ಸೆಕೆಂಡಿನಲ್ಲಿ ಹೇಳಬೇಕಾದ ಮಾತಿಗೆ ಮಾತೃಭಾಷೆಯಷ್ಟು ವೇಗ ಇನ್ನೊಂದಕ್ಕಿಲ್ಲ.

ತಂಡವಾಗಿ ಕೆಲಸ ಮಾಡುವುದೆಂದರೆ ಏನೆಂಬುದಕ್ಕೆ 2006ರ ಜರ್ಮನಿ ವಿಶ್ವಕಪ್ ಎರಡು ವಿರುದ್ಧ ಸಾಕ್ಷ್ಯಗಳನ್ನು ಕೊಟ್ಟಿದೆ. ಸ್ಟುಟ್‌ಗಾರ್ಟ್‌ನಲ್ಲಿ ಕ್ರೊವೇಷಿಯ ಮತ್ತು ಆಸ್ಟ್ರೇಲಿಯ ಪಂದ್ಯ ನಡೆಸಿದ ಇಂಗ್ಲೆಂಡಿನ ಗ್ರಹಾಂ ಪೋಲ್, ಕ್ರೊವೇಷಿಯದ ಸಿಮುನಿಚ್‌ಗೆ ಎರಡನೆಯ ಹಳದಿ ಕಾರ್ಡ್ ತೋರಿಸಿದಾಗ ಅದನ್ನು ಆಸ್ಟ್ರೇಲಿಯದ 3ನೆಯ ಸಂಖ್ಯೆಯ ಆಟಗಾರನ ಹೆಸರಿನಲ್ಲಿ ಬರೆದುಕೊಂಡರು. ಸಿಮುನಿಚ್ ಅವರದೂ 3ನೆಯ ಸಂಖ್ಯೆ. ಹೊರಹಾಕಬೇಕಾದ ಆಟಗಾರ ಆಡುತ್ತಲೇ ಇದ್ದ, ಮೂರನೆಯ ಹಳದಿ ಕಾರ್ಡ್ ಬಂದಾಗಲಷ್ಟೇ ಹೊರಹೋದ. ಸಹಾಯಕರಿಬ್ಬರೂ, ಮೈದಾನದ ಹೊರಗೆ ನಿಲ್ಲುವ ನಾಲ್ಕನೆಯ ಅಧಿಕಾರಿಯೂ ಸಕಾಲದಲ್ಲಿ ಎಚ್ಚರಿಸಲಿಲ್ಲ. ಪೋಲ್ ಅವರ ವಿಶ್ವಕಪ್ ಅಲ್ಲಿಗೆ ಮುಗಿಯಿತು. ಅದೇ ಟೂರ್ನಿಯ ಫೈನಲ್‌ನಲ್ಲಿ ಫ್ರಾನ್ಸ್‌ನ ಜಿದಾನ್ ತಲೆಯಿಂದ ಇಟಲಿಯ ಮತೆರಾಜಿಯ ಎದೆಗೆ ಗುದ್ದಿದ್ದನ್ನು ರೆಫರಿ ಎಲಿಜೊಂದೊ ಕಂಡಿರಲಿಲ್ಲ. ಚೆಂಡು ಬೇರೆ ಕಡೆ ಇತ್ತು. ನಾಲ್ಕನೆಯ ಅಧಿಕಾರಿ ಸ್ಪೇನ್‌ನ ಮೆದಿನ ಕಂತಲೆಹೊ ನೋಡಿ ತಿಳಿಸಿದರು, ಕೆಂಪು ಕಾರ್ಡ್ ಬಂತು. ವಿಶ್ವಕಪ್ ಫೈನಲ್‌ನಲ್ಲಿ, ಅದೂ ತನ್ನ ಕೊನೆಯ ಪಂದ್ಯ ಆಡುತ್ತಿದ್ದ ಜಿದಾನ್‌ಗೆ, ಇನ್ನೊಬ್ಬರ ಮಾತನ್ನು ನಂಬಿ ಕೆಂಪು ಕಾರ್ಡ್ ತೋರಿಸಬೇಕಾದರೆ ಆ ನಂಬಿಕೆ ಎಷ್ಟು ದೃಢವಾಗಿರಬೇಕೆಂದು ಯೋಚಿಸಿ.

ನೇಮಕಕ್ಕೆ ಮೆಟ್ಟಿಲುಗಳಿವೆ. ಫಿಫಾ ಪಟ್ಟಿಗೆ ಬಂದ ಕೂಡಲೇ ಯಾರೂ ದೊಡ್ಡ ಪಂದ್ಯ ಕೊಡುವುದಿಲ್ಲ. ಏಷ್ಯಾದಲ್ಲಾದರೆ ಕಿರಿಯರ ಅರ್ಹತಾ ಸುತ್ತು, ದಕ್ಷಿಣ ಏಷ್ಯಾದ ಸ್ಯಾಫ್‌ನಂಥ ಪ್ರಾದೇಶಿಕ ಟೂರ್ನಿ, ಕ್ಲಬ್ ಪಂದ್ಯಗಳು, ಆಮೇಲೆ ಏಷ್ಯಾ ಕಪ್. ಫಿಫಾ ಮಟ್ಟದಲ್ಲಿ 17 ಮತ್ತು 20 ವರ್ಷದೊಳಗಿನವರ ವಿಶ್ವಕಪ್‌ಗಳು, ಕ್ಲಬ್ ವಿಶ್ವಕಪ್. ಪ್ರತಿ ಪಂದ್ಯಕ್ಕೂ ಮೌಲ್ಯಮಾಪಕರಿರುತ್ತಾರೆ, ಅಂಕ ಬರುತ್ತದೆ, ಆ ಅಂಕವೇ ಮುಂದಿನ ಪಂದ್ಯವನ್ನು ನಿರ್ಧರಿಸುತ್ತದೆ. ಇರ್ಮಾತೊವ್ 2003ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗೆ ಬಂದವರು, 2008ರಲ್ಲಿ ಕ್ಲಬ್ ವಿಶ್ವಕಪ್‌ನ ಫೈನಲ್ ನಡೆಸಿದರು, ಅದಾಗಿ ಎರಡು ವರ್ಷಕ್ಕೆ ವಿಶ್ವಕಪ್‌ಗೆ ಬಂದರು. ಗೋವಾದ ಯುವೆನಾ ಫೆರ್ನಾಂಡಿಸ್ ಕೂಡ ಇದೇ ಮೆಟ್ಟಿಲೇರಿ 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದರು. ಆ ಸಾಧನೆಗೆ ಸಿಗಬೇಕಾದಷ್ಟು ಪ್ರಚಾರ ನಮ್ಮಲ್ಲಿ ಸಿಗಲಿಲ್ಲ.

ಪ್ರಾದೇಶಿಕ ಟೂರ್ನಿಯೆಂದರೆ ಹಗುರವೆಂದುಕೊಳ್ಳಬೇಡಿ. 2023ರ ಜೂನ್ 21ರಂದು ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ ಮತ್ತು ಪಾಕಿಸ್ತಾನ ಪಂದ್ಯ. ಮಳೆಯಲ್ಲೂ ಜನ ತುಂಬಿದ್ದರು. ಪಾಕಿಸ್ತಾನದ ಆಟಗಾರ ಥ್ರೋ-ಇನ್ ಮಾಡಲು ಹೊರಟಾಗ ಭಾರತದ ತರಬೇತುದಾರ ಇಗೊರ್ ಸ್ಟಿಮಾಚ್ ಚೆಂಡನ್ನು ಅವನ ಕೈಯಿಂದ ತಳ್ಳಿಬಿಟ್ಟರು. ಆತಿಥೇಯ ತಂಡದ ತರಬೇತುದಾರರಿಗೆ, ಅವರದೇ ಜನರ ಮುಂದೆ, ಕೆಂಪು ಕಾರ್ಡ್. ಆ ಕಾರ್ಡ್ ತೋರಿಸಿದ ಕೈ ನಡುಗಲಿಲ್ಲ ಎಂಬುದು ಮೌಲ್ಯಮಾಪಕರ ಕಣ್ಣಿಗೆ ಬಿದ್ದೇ ಬಿದ್ದಿರುತ್ತದೆ.

ಇಷ್ಟೆಲ್ಲ ಮಾಡುವವರ ಜೀವನೋಪಾಯ ಯಾವುದು ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ 2001ರಿಂದ ವೃತ್ತಿಪರ ರೆಫರಿಗಳಿದ್ದಾರೆ. 2010ರ ಫೈನಲ್ ನಡೆಸಿದ ಹೊವರ್ಡ್ ವೆಬ್ ಮೊದಲು ಪೊಲೀಸ್ ಸಾರ್ಜೆಂಟ್. ಜರ್ಮನಿಯ ಮಾರ್ಕುಸ್ ಮೆರ್ಕ್ ದಂತವೈದ್ಯರು, ಬಿಡುವಿನಲ್ಲಿ ದಕ್ಷಿಣ ಭಾರತಕ್ಕೆ ಬಂದು ಬಡಮಕ್ಕಳಿಗೆ ನೆರವಾಗುತ್ತಿದ್ದವರು. ನಮ್ಮಲ್ಲಿ ಬಹುತೇಕರಿಗೆ ಬೇರೆ ನೌಕರಿಯಿದೆ. ವಿದೇಶದ ಪಂದ್ಯವೊಂದಕ್ಕೆ ಹೋಗಬೇಕೆಂದರೆ ಕಚೇರಿಯ ರಜೆ, ವೀಸಾ, ಮುನ್ನಾದಿನ ಅಲ್ಲಿನ ಮೈದಾನದಲ್ಲಿ ಅಭ್ಯಾಸ, ಪಂದ್ಯದ ಬೆಳಗಿನ ಸಭೆ, ಆಟ, ವರದಿ, ವಿಮರ್ಶೆ, ಇಷ್ಟರಲ್ಲಿ ವಾರದ ಬಹುಭಾಗ ಕಳೆದಿರುತ್ತದೆ. ಎಷ್ಟೋ ಒಳ್ಳೆಯ ರೆಫರಿಗಳು ಸೋತದ್ದು ಟ್ರ್ಯಾಕಿನ ಮೇಲಲ್ಲ, ರಜೆ ಅರ್ಜಿಯ ಮೇಲೆ.

ಇದಕ್ಕಿಂತ ದೊಡ್ಡ ತೊಡಕು ಈಗ ವಿಎಆರ್, ಅಂದರೆ ವಿಡಿಯೊ ನೋಡಿ ಮೈದಾನದ ರೆಫರಿಗೆ ನೆರವಾಗುವ ವ್ಯವಸ್ಥೆ. 2018ರಿಂದ ವಿಶ್ವಕಪ್‌ನಲ್ಲಿ ವಿಡಿಯೊ ನೆರವಿನ ರೆಫರಿಗಳಿದ್ದಾರೆ. 2019ರ ಏಷ್ಯಾ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್‌ನಿಂದ, ಮುಂದಿನ ಏಷ್ಯಾ ಕಪ್‌ನಲ್ಲಿ ಎಲ್ಲ ಪಂದ್ಯಗಳಿಗೂ ವಿಎಆರ್ ಬಂತು. ಐಎಸ್‌ಎಲ್‌ನಲ್ಲಿ 2024–25ರ ಋತುವಿನವರೆಗೂ ಅದು ಇರಲಿಲ್ಲ. ಹೀಗಾಗಿ ಕಿವಿಯಲ್ಲಿ ‘ತಾಳು, ಪರಿಶೀಲಿಸುತ್ತಿದ್ದೇವೆ’ ಎಂಬ ದನಿ ಕೇಳುತ್ತಿರುವಾಗ ಇಪ್ಪತ್ತೆರಡು ಆಟಗಾರರನ್ನು ಸಮಾಧಾನವಾಗಿಡುವುದು, ಮಾನಿಟರ್ ಬಳಿಗೆ ಹೋಗಿ ತನ್ನದೇ ತೀರ್ಪನ್ನು ಸಾರ್ವಜನಿಕವಾಗಿ ತಿದ್ದಿಕೊಳ್ಳುವುದು, ಬಾವುಟ ಎತ್ತುವುದನ್ನು ಬೇಕೆಂದೇ ತಡಮಾಡುವುದು, ಇವನ್ನೆಲ್ಲ ನಮ್ಮವರು ವಾರವಾರ ಅಭ್ಯಾಸ ಮಾಡಲಾಗದೆ, ಶಿಬಿರದಲ್ಲಷ್ಟೇ ಕಲಿಯಬೇಕಾಯಿತು. ಜಪಾನ್, ಕೊರಿಯ, ಸೌದಿ ಅರೇಬಿಯದ ರೆಫರಿಗಳಿಗೆ ಅದು ನಿತ್ಯದ ಕೆಲಸ. ಏಷ್ಯಾದ ಆಯ್ಕೆ ಸಮಿತಿ ಯಾರನ್ನು ಆರಿಸುತ್ತದೆಂದು ಊಹಿಸುವುದು ಕಷ್ಟವಲ್ಲ.

ವಿಎಆರ್ ಇಲ್ಲದಾಗ ಏನಾಗಬಹುದೆಂದು ಭಾರತ ತಂಡವೇ 2024ರ ಜೂನ್ 11ರಂದು ದೋಹಾದಲ್ಲಿ ಅನುಭವಿಸಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಕತಾರ್ ವಿರುದ್ಧ 1-0 ಮುಂದಿದ್ದಾಗ, ಗೋಲುಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಒಳಕ್ಕೆಳೆದು ಎದುರಾಳಿ ಗೋಲು ಹೊಡೆದರು. ಆ ಸುತ್ತಿಗೆ ವಿಡಿಯೊ ನೆರವಿರಲಿಲ್ಲ, ರೆಫರಿಗಳು ಗೋಲು ಕೊಟ್ಟರು, ಭಾರತ 2-1ರಿಂದ ಸೋತು ಹೊರಬಿತ್ತು. ನಮ್ಮ ಕೋಪ ನ್ಯಾಯವಾದದ್ದೇ. ಆದರೆ ಆ ಕೋಪದಲ್ಲಿ ಸ್ವಲ್ಪ ಭಾಗವನ್ನಾದರೂ ನಮ್ಮ ಲೀಗ್‌ಗೆ ವಿಡಿಯೊ ನೆರವು ತರುವ ಒತ್ತಾಯಕ್ಕೆ ಬಳಸಬಹುದಿತ್ತು. ಪೂರ್ಣ ವಿಎಆರ್‌ಗೆ ಹಣ ಬೇಕು, ನಿಜ. ಕಡಿಮೆ ಕ್ಯಾಮೆರಾಗಳಿದ್ದರೂ ನಡೆಯುವ, ಪಂದ್ಯಕ್ಕೆ ಎರಡು ಮನವಿ ಸಲ್ಲಿಸಲು ತರಬೇತುದಾರರಿಗೆ ಅವಕಾಶವಿರುವ ಸರಳ ವ್ಯವಸ್ಥೆಯೊಂದನ್ನು ಫಿಫಾ 2024ರಲ್ಲಿ ಕಿರಿಯ ಮಹಿಳೆಯರ ವಿಶ್ವಕಪ್‌ಗಳಲ್ಲಿ ಪ್ರಯೋಗಿಸಿದೆ. ನಮ್ಮಂಥ ದೇಶಗಳಿಗೆ ಅದೇ ತಕ್ಕುದೆಂದು ನನಗನ್ನಿಸುತ್ತದೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಯುವಕರೊಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಲೀಗ್‌ನಲ್ಲಿ ಆಡುತ್ತಿರುವ ತಾವು, ಆಟ ಬಿಟ್ಟ ಮೇಲೆ ಮೂವತ್ತರ ಹೊತ್ತಿಗೆ ರೆಫರಿಯಾಗಬಹುದೇ ಎಂದು ಅವರು ಕೇಳಿದರು. ಆಗಬಹುದು, ಆಡಿದವರಿಗೆ ಫೌಲ್‌ನ ವಾಸನೆ ಮುಂಚೆಯೇ ಬಡಿಯುತ್ತದೆ, ಅದು ದೊಡ್ಡ ಅನುಕೂಲ. ರೆಫರಿಗಳ ಕೊರತೆಯಿಂದ ಯುರೋಪಿನಲ್ಲೇ ಅಲ್ಲಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2023ರಲ್ಲಿ ಹೊಸಬರನ್ನು ಸೆಳೆಯುವ ಅಭಿಯಾನ ಶುರುಮಾಡಬೇಕಾಯಿತು. ಆದರೆ ಲೆಕ್ಕ ಹಾಕಿ ನೋಡಿ. ಜಿಲ್ಲೆ ಮತ್ತು ರಾಜ್ಯದ ಪರೀಕ್ಷೆಗಳು, ಬೆಂಗಳೂರಿನ ಸಿ ಡಿವಿಷನ್‌ನಿಂದ ಸೂಪರ್ ಡಿವಿಷನ್‌ವರೆಗಿನ ಪಂದ್ಯಗಳು, ರಾಷ್ಟ್ರೀಯ ಪರೀಕ್ಷೆ, ಉನ್ನತ ಲೀಗ್‌ನಲ್ಲಿ ಎರಡು ವರ್ಷ, ಇವೆಲ್ಲ ಮುಗಿಯುವ ಹೊತ್ತಿಗೆ ನಲವತ್ತು ಹತ್ತಿರವಾಗಿರುತ್ತದೆ. ವಯಸ್ಸಿನ ಮಿತಿ ಹೋಗಿದ್ದರೂ 75 ಮೀಟರಿಗೆ 15 ಸೆಕೆಂಡು ಹಾಗೇ ಇದೆ. ಅದಕ್ಕಾಗಿ ಆಡುತ್ತಿರುವಾಗಲೇ, ಇಪ್ಪತ್ತರ ಆಸುಪಾಸಿನಲ್ಲೇ, ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುವ ಕಿರಿಯರ ಪಂದ್ಯಗಳಿಗೆ ಭಾನುವಾರ ಬೆಳಿಗ್ಗೆ ಬಾವುಟ ಹಿಡಿದು ನಿಲ್ಲಲು ಶುರುಮಾಡಿ ಎಂದು ಅವರಿಗೆ ಹೇಳಿದೆ.